ಪುಕ್ಕಟೆ ಕಬ್ಬಿನ ಸಿಪ್ಪೆ ಇರುವಾಗ ಕೋಳಿಮರಿಗೆ ಭತ್ತದ ಹೊಟ್ಟು ಯಾಕೆ?

ಪ್ರಶ್ನೆ: ನಮ್ಮದು ಮುಧೋಳ ತಾಲೂಕಿನ ಒಂದು ಹಳ್ಳಿ. ಹೋದ ವರ್ಷ ಮಳೆಗಾಲದಲ್ಲಿ 50 ಗಿರಿರಾಜ ಮರಿ ತಂದಿದ್ದೆ. ಫರಸಿ ಹಾಕಿದ ಖೋಲಿಯಲ್ಲಿ ಪೇಪರ್ ಹಾಸಿ ಬಿಟ್ಟೆ. ನಾಲ್ಕೈದು ಮರಿಗಳ ಕಾಲು ಎರಡೂ ಕಡೆಗೆ ಜಾರಿ, ನಿಲ್ಲಲಿಕ್ಕೇ ಆಗಲಿಲ್ಲ. ಪೇಪರ್ ತೆಗೆದು ಹಿತ್ತಲಲ್ಲಿ ಒಟ್ಟಿದ್ದ ಶೇಂಗಾ ಹೊಟ್ಟು ಹಾಸಿದೆ. ಆಮೇಲೆ ಮರಿಗಳು ಬಾಯಿ ತೆರೆದು ಉಸಿರಾಡುತ್ತ ಒಂದೊಂದೇ ಸತ್ತವು. ಕೊನೆಗೆ ಉಳಿದದ್ದು 19. ಈಗ ದೀಪಾವಳಿ ಮುಗಿದ ಮೇಲೆ 100 ಮರಿ ತರಬೇಕು ಅಂತಿದ್ದೇನೆ. ಮನೆಯವರು ಗಾಣದ ಕಬ್ಬಿನ ಸಿಪ್ಪೆ ಪುಕ್ಕಟೆ ಸಿಗುತ್ತೆ, ಅದನ್ನೇ ಹಾಸು ಅಂತಾರೆ. ನೆರೆಮನೆಯವರು ಹಳ್ಳದ ಉಸುಕು ಅಂತಾರೆ. ಖಾನಾಪುರದಲ್ಲಿರುವ ತಂಗಿ ಭತ್ತದ ಹೊಟ್ಟು ಕಳಿಸ್ತೀನಿ ಅಂತಾಳೆ. ಯಾರ ಮಾತು ಕೇಳಲಿ?

ಉತ್ತರ: ತಂಗಿಯ ಮಾತು ಕೇಳಿ. ನೆರೆಮನೆಯವರು ಉಸುಕನ್ನು ಬೇಸಿಗೆಯಲ್ಲಿ, ದೊಡ್ಡ ಕೋಳಿಗಳಿಗೆ ಅಂತ ಹೇಳಿದ್ದರೆ ಅರ್ಧ ಒಪ್ಪುತ್ತಿದ್ದೆ. ನಿಮ್ಮ ಮನೆಯವರ ಕಬ್ಬಿನ ಸಿಪ್ಪೆಗೂ ಒಂದು ಜಾಗ ಇದೆ. ಆದರೆ ಅದು ಮರಿಗಳ ಕಾಲ ಕೆಳಗಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಹೋದ ವರ್ಷದ ಲೆಕ್ಕ ಚುಕ್ತಾ ಮಾಡೋಣ. ಅದು ಅರ್ಥವಾಗದೆ ಈ ವರ್ಷ ಏನು ಹಾಸಿದರೂ ಅಷ್ಟೇ.

ಸತ್ತ ಮರಿಯನ್ನು ಕೊಯ್ದು ನೋಡದೆ ಇದೇ ರೋಗ ಅಂತ ಆಣೆ ಮಾಡಿ ಹೇಳಲಿಕ್ಕಾಗದು. ಆದರೂ ಮಳೆಗಾಲ, ಹಿತ್ತಲಲ್ಲಿ ಒಟ್ಟಿದ್ದ ಹೊಟ್ಟು, ಬಾಯಿ ತೆರೆದು ಉಸಿರು, ಈ ಮೂರೂ ಸೇರಿದರೆ ನನ್ನ ಅನುಮಾನ ನೇರ ಬೂಸ್ಟಿನ ಮೇಲೆ ಹೋಗುತ್ತದೆ. ಒದ್ದೆ ಹೊಟ್ಟಿನಲ್ಲಿ ಆಸ್ಪರ್ಜಿಲಸ್ ಅನ್ನುವ ಬೂಸ್ಟು ಬೆಳೆಯುತ್ತದೆ. ಮೇಲಿನಿಂದ ರಾಶಿ ಒಣಗಿದ ಹಾಗೇ ಕಾಣುತ್ತದೆ. ಒಳಗೆ ಕೈ ಹಾಕಿದರೆ ಬಿಸಿ, ಮುಗ್ಗಲು ವಾಸನೆ, ಬೂದು ಹಸಿರು ಪುಡಿ. ಅದನ್ನು ತಂದು ಖೋಲಿಯಲ್ಲಿ ಕೊಡವಿ ಹಾಸಿದಾಗ ಆ ಪುಡಿ ಗಾಳಿಗೆ ಏಳುತ್ತದೆ. ಮರಿಯ ಮೂಗು ಇರುವುದು ನೆಲದಿಂದ ಎರಡು ಮೂರು ಇಂಚು ಮೇಲೆ. ನಾವು ನಿಂತು ಉಸಿರಾಡುವ ಗಾಳಿ ಬೇರೆ, ಮರಿ ಉಸಿರಾಡುವ ಗಾಳಿ ಬೇರೆ. ನಮಗೆ ಒಂದು ಸೀನು ಬಂದು ಹೋಗುತ್ತದೆ. ಮರಿಯ ಪುಪ್ಪುಸದಲ್ಲಿ ಅದು ಮನೆ ಮಾಡುತ್ತದೆ.

ಇದಕ್ಕೆ ಬ್ರೂಡರ್ ನ್ಯುಮೋನಿಯಾ ಅಂತ ಹೆಸರು. ಇದರ ಒಂದು ಗುರುತು ನೆನಪಿಡಿ. ಬೇರೆ ನೆಗಡಿ ರೋಗಗಳಲ್ಲಿ ಮರಿಯನ್ನು ಕಿವಿ ಹತ್ತಿರ ಹಿಡಿದರೆ ಗೊರಗೊರ ಸದ್ದು ಕೇಳುತ್ತದೆ. ಇದರಲ್ಲಿ ಸಾಮಾನ್ಯವಾಗಿ ಸದ್ದೇ ಇರುವುದಿಲ್ಲ. ಕತ್ತು ಚಾಚಿ, ಬಾಯಿ ತೆರೆದು, ಸುಮ್ನೆ ಗಾಳಿ ನುಂಗಿದ ಹಾಗೆ ಮಾಡುತ್ತವೆ. ಕೊಯ್ದು ನೋಡಿದರೆ ಪುಪ್ಪುಸದಲ್ಲಿ ಸಾಸಿವೆ ಕಾಳಿನಂಥ ಬಿಳಿ ಹಳದಿ ಗಂಟುಗಳು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಲಕ್ಷಣ ನೋಡಿ, ಚಳಿ ಹಿಡಿದಿದೆ, ಇನ್ನೊಂದು ಬಲ್ಬು ಹಾಕಿ ಅಂತ ಹೇಳಿ ಬಂದಿದ್ದೆ. ಮೂರು ದಿನ ಬಿಟ್ಟು ಹೋದರೆ ಬುಟ್ಟಿ ತುಂಬ ಸತ್ತ ಮರಿಗಳು. ಕೊಯ್ದಾಗಲೇ ಗೊತ್ತಾಗಿದ್ದು. ಆ ಮನೆಯ ಅಜ್ಜಿ ನನ್ನನ್ನು ಬೈಯಲಿಲ್ಲ, ಚಹಾ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಯಾರ ಕೋಳಿಮನೆಗೆ ಹೋದರೂ ಮರಿ ನೋಡುವ ಮೊದಲು ಒಂದು ಹಿಡಿ ಹಾಸು ಎತ್ತಿ ಮೂಸುತ್ತೇನೆ. ಈ ರೋಗ ಒಮ್ಮೆ ಹಿಡಿದರೆ ಹಿಂಡಿಗೆ ಕೊಟ್ಟು ಗುಣಪಡಿಸುವಂಥ ಔಷಧ ಇಲ್ಲ ಅಂತಲೇ ತಿಳಿಯಿರಿ. ಹಾಸು ಬದಲಿಸುವುದು, ಗಾಳಿ ಆಡಿಸುವುದು, ಉಳಿದವನ್ನು ಉಳಿಸಿಕೊಳ್ಳುವುದು, ಅಷ್ಟೇ.

ನೀವು ಶೇಂಗಾ ಹೊಟ್ಟು ಅಂತ ಬರೆದಿದ್ದೀರಿ. ನಮ್ಮ ಕಡೆ ಹೊಟ್ಟು ಅಂದರೆ ಎರಡು ಅರ್ಥ. ಬಳ್ಳಿ ಎಲೆ ಒಣಗಿಸಿ ದನಕ್ಕೆ ಹಾಕುವುದೂ ಶೇಂಗಾ ಹೊಟ್ಟೇ. ಕಾಳು ಬಿಡಿಸಿದ ಮೇಲೆ ಉಳಿಯುವ ಸಿಪ್ಪೆಗೂ ಕೆಲವರು ಹೊಟ್ಟು ಅಂತಾರೆ. ಬಳ್ಳಿಯ ಹೊಟ್ಟು ಮರಿಗಳಿಗೆ ಯಾವ ಕಾಲಕ್ಕೂ ಬೇಡ. ಎಲೆ ನೀರು ಕುಡಿದು ಕಪ್ಪಗೆ ಕೊಳೆಯುತ್ತದೆ. ಸಿಪ್ಪೆಯಾದರೆ ದೊಡ್ಡ ಫಾರ್ಮ್‌ಗಳಲ್ಲೂ ಹಾಸುತ್ತಾರೆ, ಕೆಟ್ಟದ್ದಲ್ಲ. ಆದರೆ ಅದೇ ಸುಗ್ಗಿಯ ಸಿಪ್ಪೆ ಆಗಿರಬೇಕು, ಮಳೆ ತಾಗಿರಬಾರದು. ಸಿಪ್ಪೆಯೊಳಗೆ ಜೊಳ್ಳು ಕಾಳು ಉಳಿದಿರುತ್ತದೆ. ಶೇಂಗಾ ಕಾಳಿಗೆ ಬೂಸ್ಟು ಬೇಗ ಹತ್ತುತ್ತದೆ, ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷವೂ ಹುಟ್ಟಬಹುದು. ಮರಿ ಅದನ್ನೇ ಹೆಕ್ಕಿ ತಿನ್ನುತ್ತದೆ. ಹಾಗಾಗಿ ಮೂರು ವಾರದೊಳಗಿನ ಮರಿಗಳಿಗೆ ನಾನು ಶೇಂಗಾ ಸಿಪ್ಪೆ ಹೇಳುವುದೇ ಇಲ್ಲ.

ಇನ್ನು ಕಾಲು. ಅದರ ತಪ್ಪು ಫರಸಿಯದೂ ಹೌದು, ಪೇಪರಿನದೂ ಹೌದು. ಹುಟ್ಟಿದ ಎರಡು ಮೂರು ದಿನ ಮರಿಯ ತೊಡೆಯ ಕೀಲು ಇನ್ನೂ ಸಡಿಲ. ನುಣುಪಾದ ನೆಲದಲ್ಲಿ ಕಾಲು ಎರಡೂ ಕಡೆಗೆ ಜಾರಿದರೆ ವಾಪಸ್ ಎಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ಅಂಥ ಮರಿ ಕಂಡ ದಿನವೇ ಎರಡೂ ಕಾಲಿಗೆ ಮೆತ್ತನೆ ಬಟ್ಟೆಯ ಪಟ್ಟಿಯನ್ನು ಬೇಡಿ ಹಾಕಿದ ಹಾಗೆ ಸಡಿಲವಾಗಿ ಕಟ್ಟಿ. ಎರಡು ಕಾಲಿನ ನಡುವೆ ಸುಮಾರು ಎರಡು ಸೆಂಟಿಮೀಟರ್ ಬಿಡಿ. ಎರಡರಿಂದ ನಾಲ್ಕು ದಿನದಲ್ಲಿ ಬಹಳಷ್ಟು ಮರಿಗಳು ಸರಿಯಾಗುತ್ತವೆ. ವಾರ ಕಳೆದರೆ ಕಷ್ಟ. ದಾರ ಕಟ್ಟಬೇಡಿ, ಚರ್ಮ ಕೊಯ್ಯುತ್ತದೆ.

ಈಗ ಹಾಸಿನ ಮಾತು. ಹಾಸು ಅಂದರೆ ಮರಿಗೆ ಗಾದಿ ಅಂತ ಅನೇಕರು ತಿಳಿದಿದ್ದಾರೆ. ಗಾದಿಯೂ ಹೌದು, ಆದರೆ ಅದರ ದೊಡ್ಡ ಕೆಲಸ ನೀರಿನದು. ಮರಿ ಹಿಕ್ಕೆಯಲ್ಲಿ ಬಿಡುವ ನೀರು, ಕುಡಿಯುವಾಗ ಚೆಲ್ಲುವ ನೀರು, ಎರಡನ್ನೂ ಹಾಸು ಹಿಡಿದುಕೊಳ್ಳಬೇಕು. ಹಿಡಿದುಕೊಂಡರೆ ಸಾಲದು, ಬಲ್ಬಿನ ಬಿಸಿಗೆ, ಗಾಳಿಗೆ ಮತ್ತೆ ಬಿಟ್ಟುಕೊಡಬೇಕು. ಹೀರಿ ಕೂಡಿಟ್ಟುಕೊಳ್ಳುವ ಹಾಸು ಜಿಪುಣನ ಹಾಗೆ, ಯಾರಿಗೂ ಉಪಯೋಗ ಇಲ್ಲ. ಜೊತೆಗೆ ಕಾಲಿಗೆ ಹಿಡಿತ ಸಿಗಬೇಕು, ನೆಲದ ತಂಪು ಮೇಲೆ ಬರಬಾರದು, ದೂಳು ಏಳಬಾರದು, ತಿಂದರೂ ಮರಿ ಸಾಯಬಾರದು. ಇಷ್ಟೆಲ್ಲ ಒಂದೇ ವಸ್ತುವಿನಲ್ಲಿ ಸಿಗುವುದಿಲ್ಲ. ಅದಕ್ಕೇ ಇಷ್ಟು ಜನ, ಇಷ್ಟು ಸಲಹೆ.

ಭತ್ತದ ಹೊಟ್ಟಿನ ಗುಣ ವಿಚಿತ್ರ. ಅದು ನೀರನ್ನು ಜಾಸ್ತಿ ಹೀರುವುದೇ ಇಲ್ಲ. ಆದರೆ ಕಾಳು ಕಾಳಾಗಿ ಬಿಡಿಬಿಡಿಯಾಗಿ ಇರುವುದರಿಂದ ನಡುವೆ ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ಸುಲಭಕ್ಕೆ ಕೊಳೆಯುವುದಿಲ್ಲ. ದೂಳೂ ಕಡಿಮೆ. ಎರಡು ದೋಷ ಇವೆ. ಒಂದು, ಮೊದಲ ದಿನಗಳಲ್ಲಿ ಮರಿಗಳು ಅದನ್ನೇ ಕಾಳು ಅಂತ ತಿನ್ನುತ್ತವೆ. ಇನ್ನೊಂದು, ಅದರಲ್ಲಿ ನುಚ್ಚು ಉಳಿದಿದ್ದರೆ ಇಲಿ ಬರುತ್ತವೆ. ಇಲಿ ಒಂದೇ ರಾತ್ರಿಯಲ್ಲಿ ಹತ್ತು ಮರಿ ಎಳೆದುಕೊಂಡು ಹೋದದ್ದನ್ನು ನೋಡಿದ್ದೇನೆ, ಅದಕ್ಕೆ ಯಾವ ಔಷಧವೂ ಇಲ್ಲ! ಗಿರಣಿಯಿಂದ ತರುವಾಗ ತೌಡು ಬೆರೆತ ನುಣ್ಣನೆಯದು ಬೇಡ, ದಪ್ಪ ಹೊಟ್ಟು ಕೇಳಿ. ಖಾನಾಪುರ, ಕಿತ್ತೂರು ಕಡೆ ಭತ್ತ ಬೆಳೆಯುವುದರಿಂದ ನಿಮ್ಮ ತಂಗಿಗೆ ಸುಲಭ. ಹುನಗುಂದ, ಇಳಕಲ್ ಕಡೆಯ ಓದುಗರಿಗೆ ಕಾರಟಗಿ, ಗಂಗಾವತಿಯ ಗಿರಣಿಗಳು ಹತ್ತಿರ. ಹೊಟ್ಟು ಹಗುರ, ಜಾಗ ಜಾಸ್ತಿ ತಿನ್ನುತ್ತದೆ. ಅದಕ್ಕೇ ಹೊಟ್ಟಿನ ದುಡ್ಡಿಗಿಂತ ಗಾಡಿ ಬಾಡಿಗೆ ಭಾರ ಆಗುವುದುಂಟು. ಬರುವ ಹೋಗುವ ಗಾಡಿಯಲ್ಲಿ ಹಾಕಿಸಿ.

ಎಷ್ಟು ಬೇಕು? ಮೊದಲ ನಾಲ್ಕು ವಾರ ಒಂದು ಮರಿಗೆ ಅರ್ಧ ಚದರ ಅಡಿ ಅಂತ ಇಟ್ಟುಕೊಳ್ಳಿ. 100 ಮರಿಗೆ 50 ಚದರ ಅಡಿ. ಎರಡು ಇಂಚು ದಪ್ಪ ಹಾಸಲು ಸುಮಾರು 25 ಕಿಲೋ ಹೊಟ್ಟು ಸಾಕು. ನಿಮ್ಮದು ಚಳಿಗಾಲ, ಫರಸಿ ನೆಲ. ಮೂರು ಇಂಚು ಹಾಸಿ. ಒದ್ದೆಯಾದದ್ದನ್ನು ಬದಲಿಸಲು ಬೇಕಾಗುತ್ತದೆ, 50 ಕಿಲೋ ತರಿಸಿಬಿಡಿ. ಬಾಗಲಕೋಟೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಮರಿ ಬಿಡುವವರಿಗೆ ಒಂದೂವರೆ ಇಂಚೂ ಸಾಕಾಗುತ್ತಿತ್ತು.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಹಾಸು ಬಡಿಗೇರ ಮನೆಯಲ್ಲಿದೆ. ರಂದ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಆ ಕಟ್ಟಿಗೆಯ ಸಿಪ್ಪೆ. ಹೀರುತ್ತದೆ, ಬಿಟ್ಟುಕೊಡುತ್ತದೆ, ಮೆತ್ತಗೂ ಇದೆ, ಬೆಚ್ಚಗೂ ಇದೆ. ಬೇವು, ಸಾಗುವಾನಿ, ಜಾಲಿ ಯಾವುದಾದರೂ ನಡೆಯುತ್ತದೆ. ಆದರೆ ಈಗ ಕೈರಂದ ಹಿಡಿಯುವ ಬಡಿಗೇರರು ಎಷ್ಟು ಜನ ಉಳಿದಿದ್ದಾರೆ? ಪಟ್ಟಣದ ಫರ್ನಿಚರ್ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪ್ಲೈವುಡ್, ಎಂಡಿಎಫ್ ಕೊಯ್ದ ಪುಡಿ. ಅದರಲ್ಲಿ ಅಂಟು ಇರುತ್ತದೆ, ಬೇಡ. ಗೆದ್ದಲು ಔಷಧ ಹೊಡೆದ ಕಟ್ಟಿಗೆಯದೂ ಬೇಡ. ಕಟ್ಟಿಗೆ ಅಡ್ಡೆಯ ಹಿಟ್ಟಿನಂಥ ಗರಗಸದ ಪುಡಿಯನ್ನು ಮರಿಗಳಿಗೆ ಹಾಕಲೇಬಾರದು. ಕಣ್ಣಿಗೆ, ಮೂಗಿಗೆ ಹೋಗುತ್ತದೆ. ಹೊಟ್ಟೆಗೆ ಹೋದರೆ ಗಂಟಲಚೀಲದಲ್ಲಿ ಹಿಟ್ಟು ನಾದಿದ ಹಾಗೆ ಉಂಡೆಗಟ್ಟುತ್ತದೆ. ಒಳ್ಳೆಯ ರಂದದ ಸಿಪ್ಪೆ ಒಂದೆರಡು ಚೀಲ ಸಿಕ್ಕರೆ ಭತ್ತದ ಹೊಟ್ಟಿನ ಜೊತೆ ಕಲಸಿ ಹಾಸಿ. ಒಂದು ಹೀರುತ್ತದೆ, ಇನ್ನೊಂದು ಗಾಳಿ ಆಡಿಸುತ್ತದೆ. ಇವೆರಡರ ಜೋಡಿ ಬಹಳ ಚೆನ್ನಾಗಿ ನಡೆಯುತ್ತದೆ.

ಕಬ್ಬಿನ ಸಿಪ್ಪೆಗೆ ಬರುತ್ತೇನೆ. ಮುಧೋಳ, ಜಮಖಂಡಿ, ಮಹಾಲಿಂಗಪುರ ಅಂದರೆ ಬೆಲ್ಲದ ಸೀಮೆ. ಸಿಪ್ಪೆಗೆ ಬರವಿಲ್ಲ, ನಿಜ. ಆದರೆ ಒಂದು ಸಂಗತಿ ಯೋಚಿಸಿ. ಗಾಣದವರಿಗೆ ಒಣ ಸಿಪ್ಪೆ ಅಂದರೆ ಉರುವಲು. ಕೊಪ್ಪರಿಗೆ ಕೆಳಗೆ ಹಾಕಿ ಬೆಲ್ಲ ಕಾಯಿಸುವುದೇ ಅದರಿಂದ. ಚೆನ್ನಾಗಿ ಒಣಗಿದ್ದನ್ನು ಯಾವ ಗಾಣದವನೂ ಪುಕ್ಕಟೆ ಕೊಡುವುದಿಲ್ಲ. ಪುಕ್ಕಟೆ ಸಿಗುವುದು ಹಸಿಯದು, ಇಲ್ಲಾ ಮಳೆಗೆ ನೆಂದು ಉರುವಲಿಗೂ ಬಾರದ್ದು. ಆಗಷ್ಟೇ ಹಿಂಡಿದ ಸಿಪ್ಪೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಕಾರ್ಖಾನೆಗಿಂತ ಗಾಣದ ಸಿಪ್ಪೆಯಲ್ಲಿ ಹಾಲು ಇನ್ನೂ ಜಾಸ್ತಿ ಉಳಿದಿರುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಸಕ್ಕರೆ, ನೀರು, ಬಲ್ಬಿನ ಬಿಸಿ. ಬೂಸ್ಟಿಗೆ ಇದಕ್ಕಿಂತ ಒಳ್ಳೆಯ ಹಬ್ಬದೂಟ ಎಲ್ಲಿದೆ? ಇರುವೆ, ನೊಣ ಬೇರೆ. ಹಳೆಯ ಸಿಪ್ಪೆಯ ದೂಳಿನಿಂದ ಮನುಷ್ಯರಿಗೇ ಬರುವ ಪುಪ್ಪುಸದ ರೋಗವೊಂದಿದೆ, ಬಗಾಸೋಸಿಸ್ ಅಂತ. ಸಿಪ್ಪೆ ತುಂಬುವ, ಬಿಚ್ಚುವ ಕೆಲಸದವರಲ್ಲಿ ಕಾಣುತ್ತದೆ. ದೊಡ್ಡವರ ಪುಪ್ಪುಸವೇ ತಡೆಯದಿದ್ದರೆ 40 ಗ್ರಾಂ ತೂಕದ ಮರಿಯದು ತಡೆಯುತ್ತದಾ?

ಬಿಸಿಲಲ್ಲಿ ಹರವಿ, ದಿನಾ ತಿರುವಿ, ಮುರಿದರೆ ಪಟಕ್ಕನೆ ಮುರಿಯುವಷ್ಟು ಒಣಗಿಸಿ, ಸಣ್ಣಗೆ ಕತ್ತರಿಸಿ, ದೂಳು ಜರಡಿ ಹಿಡಿದು ತೆಗೆದರೆ ಆರು ವಾರ ದಾಟಿದ ಕೋಳಿಗಳಿಗೆ ಹಾಸಬಹುದು. ಅಷ್ಟು ಮಾಡುವ ಹೊತ್ತಿಗೆ ಭತ್ತದ ಹೊಟ್ಟೇ ಅಗ್ಗ ಅನಿಸುತ್ತದೆ. ಕಬ್ಬಿನ ರವದಿ, ಅಂದರೆ ಒಣ ಎಲೆಯಂತೂ ಬೇಡವೇ ಬೇಡ. ಅಂಚು ಬ್ಲೇಡಿನ ಹಾಗಿರುತ್ತದೆ, ಹೊಲದಲ್ಲಿ ಕೈ ಕೊಯ್ದುಕೊಂಡವರಿಗೆ ನಾನು ಹೇಳಬೇಕಿಲ್ಲ.

ಹಳ್ಳದ ಉಸುಕು ಚಳಿಗಾಲದಲ್ಲಿ ರಾತ್ರಿ ಹಿಮದ ಹಾಗಾಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮ ಕಡೆ ಬೆಳಗಿನ ಜಾವ ಎಷ್ಟು ಕೊರೆಯುತ್ತದೆ ಗೊತ್ತಲ್ಲ. ಮೊದಲ ಎರಡು ಮೂರು ವಾರ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಮೇಲೆ ಬಲ್ಬು ಉರಿಯುತ್ತಿದ್ದರೂ ಹೊಟ್ಟೆ ತಂಪು ನೆಲಕ್ಕೆ ತಾಗಿದರೆ ಬೇಧಿ ಶುರುವಾಗುತ್ತದೆ, ಹಿಂದೆ ಹಿಕ್ಕೆ ಅಂಟಿ ಮುಚ್ಚಿಕೊಳ್ಳುತ್ತದೆ. ಅಂಥ ಮರಿಯನ್ನು ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಬಿಡಿಸಬೇಕು, ಕಿತ್ತರೆ ಚರ್ಮ ಹರಿಯುತ್ತದೆ. ವಿಜಯಪುರದ ಏಪ್ರಿಲ್, ಮೇ ಬಿಸಿಲಲ್ಲಿ ದೊಡ್ಡ ಕೋಳಿಗಳಿಗೆ ತೊಳೆದು ಒಣಗಿಸಿದ ದಪ್ಪ ಉಸುಕು ಒಳ್ಳೆಯದೇ, ತಂಪು ಬೇಕಲ್ವಾ. ಹಳ್ಳದಿಂದ ತರುವ ಮೊದಲು ಪರವಾನಗಿ ವಿಚಾರಿಸಿ, ಟ್ರಾಲಿ ಹಿಡಿದರೆ ಕೋಳಿಯ ಲಾಭವೆಲ್ಲ ಅಲ್ಲಿಗೇ ಹೋಗುತ್ತದೆ. ಎರೆ ಮಣ್ಣಂತೂ ಯಾರಿಗೂ ಬೇಡ, ಒದ್ದೆಯಾದರೆ ಕಾಲಬೆರಳಿಗೆ ಗುಂಡಿನ ಹಾಗೆ ಅಂಟಿ ಗಟ್ಟಿಯಾಗುತ್ತದೆ.

ಬೇರೆ ಓದುಗರೂ ಕೇಳುತ್ತಿರುತ್ತಾರೆ, ಹಾಗಾಗಿ ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಗೋಧಿ ಹೊಟ್ಟನ್ನು ಒಂದು ಇಂಚಿನೊಳಗೆ ಕತ್ತರಿಸಿದ್ದರೆ ನಡೆಯುತ್ತದೆ, ಆದರೆ ಬೇಗ ಚಾಪೆಯ ಹಾಗೆ ಹೆಪ್ಪುಗಟ್ಟುತ್ತದೆ. ಜೋಳದ ಕಣಕಿ ದನಕ್ಕೇ ಸಾಲುವುದಿಲ್ಲ, ಕೋಳಿಗೆ ಯಾಕೆ. ತೊಗರಿ ಹೊಟ್ಟಿನಲ್ಲಿ ಚೂಪಾದ ಕಡ್ಡಿ ಇರುತ್ತದೆ. ಕುಸುಬಿ ಹೊಟ್ಟಿನ ಮುಳ್ಳು ನಿಮಗೇ ಗೊತ್ತು. ಗೋವಿನಜೋಳದ ದಂಡನ್ನು ಪುಡಿ ಮಾಡಿ ಹಾಸುವವರಿದ್ದಾರೆ, ಅದಕ್ಕೂ ಶೇಂಗಾ ಸಿಪ್ಪೆಯದೇ ಬೂಸ್ಟಿನ ಭಯ. ತೆಂಗಿನ ನಾರಿನ ಪುಡಿ ನೀರು ಚೆನ್ನಾಗಿ ಹೀರುತ್ತದೆ, ನಮ್ಮ ಕಡೆಗೆ ದೂರದಿಂದ ತರಿಸಬೇಕು, ಅಷ್ಟು ಉಸಾಬರಿ ಬೇಡ.

ಹಾಸುವ ಮೊದಲು ಖೋಲಿ. ಹೋದ ವರ್ಷ ಅದೇ ಖೋಲಿಯಲ್ಲಿ ಮರಿಗಳು ಸತ್ತಿವೆ. ಗೋಡೆ, ಮೂಲೆ, ಫರಸಿಯ ಸಂದು ಎಲ್ಲ ಗುಡಿಸಿ, ಸೋಪಿನ ನೀರಲ್ಲಿ ತಿಕ್ಕಿ, ಆಮೇಲೆ ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆದು ಬಾಗಿಲು ಕಿಟಕಿ ತೆಗೆದಿಡಿ. ಗೋಡೆಗೆ ಸುಣ್ಣ ಹಚ್ಚಿ. ಪೂರ್ತಿ ಒಣಗಲಿಕ್ಕೆ ಒಂದು ವಾರ ಬಿಡಿ, ಅವಸರ ಬೇಡ. ಒದ್ದೆ ನೆಲದ ಮೇಲೆ ಒಣ ಹಾಸು ಹಾಸಿದರೆ ಕೆಳಗಿನಿಂದ ಬೂಸ್ಟು ಶುರು. ಹಾಸನ್ನು ಕೂಡ ಒಂದು ದಿನ ಬಿಸಿಲಿಗೆ ಹರವಿ. ಚೀಲ ಬಿಚ್ಚಿದ ಕೂಡಲೇ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಆ ಚೀಲ ಮರಿಗಳಿಗಲ್ಲ. ಮೈಲುತುತ್ತದ ನೀರು ಹೊಡೆದು ಬಳಸಿಕೊಳ್ಳಬಹುದಾ ಅಂತ ದ್ರಾಕ್ಷಿ ತೋಟದವರು ಕೇಳುತ್ತಾರೆ. ಬೂಸ್ಟು ಹಿಡಿದ ಹಾಸನ್ನು ರಿಪೇರಿ ಮಾಡುವುದು ಬೇಡ, ಎಸೆಯಿರಿ. ನಾಲ್ಕು ಮರಿಯ ಬೆಲೆಗೆ ಇನ್ನೊಂದು ಚೀಲ ಬರುತ್ತದೆ.

ಮರಿ ಬರುವ ಹಿಂದಿನ ದಿನವೇ ಹಾಸಿ, ಬಲ್ಬು ಹಚ್ಚಿ, 24 ಗಂಟೆ ಕಾಯಿಸಿ. ಅನೇಕರು ಮರಿ ಬಂದ ಮೇಲೆ ಸ್ವಿಚ್ ಹಾಕುತ್ತಾರೆ. ಗಾಳಿ ಅರ್ಧ ಗಂಟೆಯಲ್ಲಿ ಬಿಸಿಯಾಗುತ್ತದೆ, ಫರಸಿ ಆಗುವುದಿಲ್ಲ. ಮರಿಯನ್ನು ಎತ್ತಿ ಅದರ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಹಾಸು ತಣ್ಣಗಿದೆ ಅಂತಲೇ ಅರ್ಥ. ಥರ್ಮಾಮೀಟರ್ ಇದ್ದರೆ ಮರಿಯ ಬೆನ್ನಿನ ಎತ್ತರಕ್ಕೆ ಹಿಡಿದು ನೋಡಿ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಮರಿಗಳೇ ಹೇಳುತ್ತವೆ ಬಿಡಿ. ಬಲ್ಬಿನ ಕೆಳಗೆ ಗುಂಪಾಗಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ಗೋಡೆ ಕಡೆ ಹೋಗಿ ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಎಲ್ಲ ಕಡೆ ಹರಡಿಕೊಂಡು ಸಣ್ಣಗೆ ಚಿಂವ್ ಚಿಂವ್ ಅನ್ನುತ್ತಿದ್ದರೆ ನೀವು ಊಟಕ್ಕೆ ಹೋಗಬಹುದು.

ಮೊದಲ ನಾಲ್ಕು ದಿನ ಭತ್ತದ ಹೊಟ್ಟು ಮರಿಗಳಿಗೆ ಕಾಣಬಾರದು. ಅದರ ಮೇಲೆ ಏನಾದರೂ ಮುಚ್ಚಬೇಕು. ನುಣುಪಾದ ಪೇಪರ್ ಬೇಡ ಅಂತ ಈಗ ಗೊತ್ತಾಯಿತು. ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆ ತಂದು ಬಿಚ್ಚಿ, ಮೇಲಿನ ಪದರ ಸುಲಿದರೆ ಒಳಗೆ ಗೆರೆ ಗೆರೆಯ ಮೈ ಸಿಗುತ್ತದೆ. ಕಾಲಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಹಳೇ ಹತ್ತಿ ಬಟ್ಟೆಯೂ ಆಗುತ್ತದೆ, ಧೋತರ ಆದರೆ ಇನ್ನೂ ಚಂದ. ಅತ್ತೆಯ ಇಳಕಲ್ ಸೀರೆ ಮುಟ್ಟಲು ಹೋಗಬೇಡಿ, ಎಷ್ಟು ಹಳೆಯದಾದರೂ! ಗೋಣಿಚೀಲ ಹಾಸುವವರು ದಾರ ಬಿಚ್ಚಿಕೊಳ್ಳದ ಹಾಗೆ ಅಂಚು ಹೊಲಿಯಬೇಕು. ಬಿಚ್ಚಿದ ಎಳೆ ಮರಿಯ ಕಾಲಿಗೆ ಸುತ್ತಿಕೊಂಡರೆ ಒಂದು ರಾತ್ರಿಯಲ್ಲಿ ಬೆರಳು ಕಪ್ಪಾಗುತ್ತದೆ. ಆ ರಟ್ಟಿನ ಮೇಲೆ ಗೋವಿನಜೋಳದ ನುಚ್ಚು ಉದುರಿಸಿ. ಮರಿಗಳು ಹೆಕ್ಕುವುದನ್ನು, ಯಾವುದು ಕಾಳು ಅನ್ನುವುದನ್ನು ಅಲ್ಲಿಯೇ ಕಲಿಯುತ್ತವೆ. ದಿನಾ ಹೊಸ ರಟ್ಟು ಹಾಕಿ. ಐದನೇ ದಿನ ಒಂದು ಮೂಲೆಯಿಂದ ತೆಗೆಯುತ್ತ ಬನ್ನಿ. ಅಷ್ಟರಲ್ಲಿ ಅವಕ್ಕೆ ಊಟ ಎಲ್ಲಿದೆ ಅಂತ ಗೊತ್ತಾಗಿರುತ್ತದೆ, ಹೊಟ್ಟನ್ನು ಒಮ್ಮೆ ಕುಕ್ಕಿ ಬಿಟ್ಟುಬಿಡುತ್ತವೆ.

ಬಲ್ಬಿನ ವಿಷಯ ಪ್ರಶ್ನೆಯಲ್ಲಿಲ್ಲ, ಆದರೂ ಹೇಳಲೇಬೇಕು. ಎಲ್‌ಇಡಿ ಬಲ್ಬಿನಿಂದ ಮರಿಗೆ ಸಾಕಾಗುವಷ್ಟು ಬಿಸಿ ಬರುವುದಿಲ್ಲ. ಹಳೇ ಹಳದಿ ಬಲ್ಬೇ ಬೇಕು, ಮರಿಗೆ ಎರಡು ವ್ಯಾಟ್ ಲೆಕ್ಕ. 100 ಮರಿಗೆ ಒಂದೇ 200 ವ್ಯಾಟಿನದು ಹಾಕುವ ಬದಲು 60ರ ನಾಲ್ಕು ಹಾಕಿ. ಒಂದು ಹೋದರೂ ಮೂರು ಇರುತ್ತವೆ. ಹಾಸು ಒಣಗಿದ ಹೊಟ್ಟು, ಮೇಲೆ ಉರಿಯುವ ಬಲ್ಬು. ಬಲ್ಬು ಕಳಚಿ ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ವೈರಿನ ಮೇಲೆ ಭಾರ ಬಿಡದೆ ಬೇರೆ ತಂತಿಯಿಂದ ಬಿಗಿದು, ಹಾಸಿನಿಂದ ಒಂದೂವರೆ ಅಡಿ ಎತ್ತರಕ್ಕೆ ಕಟ್ಟಿ. ಕರೆಂಟು ಹೋದಾಗ ಇದ್ದಿಲ ಒಲೆ ಇಡುವವರು ಹೊಗೆ ಹೋಗಲು ದಾರಿ ಬಿಡಬೇಕು, ಮುಚ್ಚಿದ ಖೋಲಿಯಲ್ಲಿ ಅದು ಮರಿಯನ್ನೂ ಕೊಲ್ಲುತ್ತದೆ, ಮಲಗಿದ ಮನುಷ್ಯನನ್ನೂ ಕೊಲ್ಲುತ್ತದೆ.

ಹಾಸು ಎಷ್ಟೇ ಒಳ್ಳೆಯದಿರಲಿ, ದಿನಾ ಬೆಳಿಗ್ಗೆ ಹತ್ತು ನಿಮಿಷ ಅದಕ್ಕೆ ಕೊಡಬೇಕು. ನೀರಿನ ಪಾತ್ರೆಯ ಸುತ್ತಲೇ ಎಲ್ಲ ತಂಟೆ ಶುರುವಾಗುವುದು. ಪಾತ್ರೆಯನ್ನು ಇಟ್ಟಿಗೆ ಮೇಲೆ ಇಡಿ, ಅದರ ಅಂಚು ಮರಿಯ ಬೆನ್ನಿನ ಎತ್ತರಕ್ಕಿರಲಿ, ಮರಿ ಬೆಳೆದ ಹಾಗೆ ಏರಿಸಿ. ಒದ್ದೆಯಾದ ಜಾಗದ ಹಾಸನ್ನು ಬಗೆದು ಹೊರಗೆ ಹಾಕಿ, ಒಣದನ್ನು ತುಂಬಿ. ಉಳಿದದ್ದನ್ನು ಕೈಯಿಂದ ಕೆದಕಿ ತಿರುವಿ. ಆಗ ಒಂದು ಮುಷ್ಟಿ ಹಿಡಿದು ಹಿಸುಕಿ ನೋಡಿ. ಉಂಡೆಯೇ ಆಗದೆ ದೂಳಾಗಿ ಸುರಿದರೆ ತೀರಾ ಒಣಗಿದೆ. ಉಂಡೆಯಾಗಿ, ಕೆಳಗೆ ಬಿಟ್ಟರೆ ಒಡೆದು ಚದುರಿದರೆ ಸರಿಯಾಗಿದೆ. ಉಂಡೆ ಹಾಗೇ ಉಳಿದರೆ ಒದ್ದೆ ಜಾಸ್ತಿ, ಅವತ್ತೇ ಬದಲಿಸಿ.

ಒದ್ದೆ ಹಾಸಿನಿಂದ ಬರುವ ಎರಡು ಕಾಟ ಇವೆ. ಒಂದು ಅಮೋನಿಯಾ. ಹಿಕ್ಕೆಯಲ್ಲಿನ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಈ ಗಾಳಿ ಹುಟ್ಟುತ್ತದೆ, ಒದ್ದೆ ಇದ್ದಷ್ಟೂ ಜಾಸ್ತಿ. 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು, ದಾಟಿದರೆ ಮರಿಗಳ ಕಣ್ಣು, ಶ್ವಾಸನಾಳ ಹಾಳು. ನಮಗೆ ಮೂಗಿಗೆ ಖಾರ ಹತ್ತುವ ಹೊತ್ತಿಗೆ ಆ ಗಡಿ ಹತ್ತಿರ ಬಂದಿರುತ್ತದೆ. ದಿನಾ ಒಳಗೇ ಇರುವವರಿಗೆ ಅದು ರೂಢಿಯಾಗಿ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಹೊರಗಿನಿಂದ ಬಂದ ಕೂಡಲೇ ಮೊಣಕಾಲೂರಿ, ಮರಿಯ ಎತ್ತರಕ್ಕೆ ಮುಖ ಇಟ್ಟು ಮೂಸಿ. ಚಳಿ ಅಂತ ಕಿಟಕಿಗೆ ತಾಡಪತ್ರಿ ಬಿಗಿದು ಮುಚ್ಚುವವರೇ ಜಾಸ್ತಿ. ಮೇಲುಗಡೆ ಒಂದು ಗೇಣು ತೆರೆದಿಡಿ. ಇನ್ನು ಸುಣ್ಣ ಅಥವಾ ಬೂದಿ ಎರಚುವ ಚಟ. ಒದ್ದೆಯಾದ, ನಾರುತ್ತಿರುವ ಹಾಸಿನ ಮೇಲೆ ಸುಣ್ಣ ಹಾಕಿದರೆ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ, ಯಾಕಂದರೆ ಕ್ಷಾರ ಹೆಚ್ಚಾಯಿತು. ಒಲೆ ಬೂದಿಯೂ ಕ್ಷಾರವೇ. ಸುಣ್ಣ ಖಾಲಿ ನೆಲಕ್ಕೆ, ಗೋಡೆಗೆ.

ಇನ್ನೊಂದು ಕಾಟ ರಕ್ತಬೇಧಿ, ಅಂದರೆ ಕಾಕ್ಸಿಡಿಯೋಸಿಸ್. ಸಾಮಾನ್ಯವಾಗಿ ಮೂರರಿಂದ ಆರು ವಾರದ ಮರಿಗಳಲ್ಲಿ. ಹಿಕ್ಕೆಯಲ್ಲಿ ಬಿದ್ದ ಅದರ ಮೊಟ್ಟೆಯಂಥ ಕಣ ಬಿದ್ದ ಕೂಡಲೇ ರೋಗ ಹಚ್ಚುವುದಿಲ್ಲ. ಅದಕ್ಕೆ ಒದ್ದೆ, ಬಿಸಿ, ಗಾಳಿ ಸಿಕ್ಕು ಒಂದೆರಡು ದಿನ ಬೇಕು. ಒಣ ಹಾಸಿನಲ್ಲಿ ಬಹಳಷ್ಟು ಅಲ್ಲೇ ಸಾಯುತ್ತವೆ. ಕೆಂಪು ಹಿಕ್ಕೆ ಕಂಡರೆ ತಡ ಮಾಡದೆ ಪಶು ವೈದ್ಯರಿಗೆ ತೋರಿಸಿ. ನೀರಲ್ಲಿ ಕೊಡುವ ಆಂಪ್ರೋಲಿಯಂ ಅನ್ನುವ ಔಷಧ ಬೇಗ ಶುರುಮಾಡಿದರೆ ಬಹಳ ಮರಿ ಉಳಿಯುತ್ತವೆ.

ನಿಮ್ಮ ತಂಗಿಗೂ ಒಂದು ಮಾತು. ಅವರೂ ಮರಿ ಸಾಕುವುದಾದರೆ ನಿಮ್ಮ ಲೆಕ್ಕ ಅವರಿಗೆ ನಡೆಯುವುದಿಲ್ಲ. ಖಾನಾಪುರದ ಜುಲೈ ತಿಂಗಳಲ್ಲಿ ಬಿಸಿಲೇ ಕಾಣುವುದಿಲ್ಲ, ಗಾಳಿಯೇ ಒದ್ದೆ. ಅಲ್ಲಿ ಭತ್ತದ ಹೊಟ್ಟು ಒಣಗುವುದೂ ನಿಧಾನ. ಮೇ ತಿಂಗಳಲ್ಲೇ ಹೊಟ್ಟು ಒಣಗಿಸಿ, ಚೀಲಕ್ಕೆ ತುಂಬಿ, ಅಟ್ಟದ ಮೇಲೆ ಹಲಗೆ ಹಾಕಿ ಇಡಬೇಕು. ಒಂದೇ ಸಲ ದಪ್ಪಗೆ ಹಾಸದೆ ತೆಳ್ಳಗೆ ಹಾಸಿ ಮತ್ತೆ ಮತ್ತೆ ಮೇಲೆ ಹಾಕುತ್ತಿರಬೇಕು. ಸಾಧ್ಯವಾದರೆ ಮಳೆಗಾಲ ಬಿಟ್ಟೇ ಮರಿ ತರುವುದು ಜಾಣತನ.

ಇನ್ನು ಮುಗಿದ ಹಾಸು. ಅದನ್ನು ಒಣಗಿಸಿ ಮುಂದಿನ ಮರಿಗಳಿಗೆ ಹಾಸುವ ಆಸೆ ಬೇಡ. ದನಕ್ಕೆ ಹಾಕುವುದೂ ಬೇಡ. ಸತ್ತ ಕೋಳಿಯ ಚೂರು ಅದರಲ್ಲಿ ಸೇರಿದ್ದರೆ ಬೊಟುಲಿಸಂ ಅನ್ನುವ ವಿಷದಿಂದ ದನಗಳು ನೆಲ ಹಿಡಿಯುತ್ತವೆ. ಹಸಿಯಾಗಿ ಬೆಳೆಗೆ ಹಾಕಿದರೆ ಬೇರು ಸುಡುತ್ತದೆ. ಕೋಳಿ ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ, ಅದನ್ನು ಹಿಡಿದಿಡಲು ಇಂಗಾಲ ಇರುವ ಕಸ ಬೇಕು. ನಿಮ್ಮ ಮನೆಯವರ ಪುಕ್ಕಟೆ ಸಿಪ್ಪೆಯ ಜಾಗ ಇದು. ತಿಪ್ಪೆ ಗುಂಡಿಯಲ್ಲಿ ಒಂದು ಪದರ ಕಬ್ಬಿನ ಸಿಪ್ಪೆ, ಒಂದು ಪದರ ಕೋಳಿ ಹಾಸು, ನೀರು ಚಿಮುಕಿಸಿ ತುಂಬುತ್ತ ಹೋಗಿ, ತಿಂಗಳಿಗೊಮ್ಮೆ ಮಗುಚಿ. ಹಸಿಯಾಗಿದ್ದರೂ ಇಲ್ಲಿ ಚಿಂತೆಯಿಲ್ಲ, ಬೂಸ್ಟು ಹಿಡಿದಷ್ಟೂ ಒಳ್ಳೆಯದು. ಗುಂಡಿಯ ಬಿಸಿ ಇಳಿದು, ಮಣ್ಣಿನ ವಾಸನೆ ಬಂದ ಮೇಲೆ ಅದೇ ಕಬ್ಬಿನ ಹೊಲಕ್ಕೆ ಹಾಕಿಸಿ. ಮಗುಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಅವರಿಗೆ ಹೇಳಿ.